ಸೀರಿ ತಿರುವಿ ನೋಡ್ತೀರಿ, ಪೇಜ್ ಯಾಕ ನೋಡಂಗಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಬಿಕಾಂ ಕೊನೇ ವರ್ಷ, ಇಳಕಲ್‌ನ್ಯಾಗ ನಮ್ಮಪ್ಪಂದು ಸಣ್ಣ ಸೀರಿ ಅಂಗಡಿ ಐತಿ. ಅಪ್ಪ ಅಂತೂ, ನನ್ನ ಮಗಳು ಕಂಪ್ಯೂಟರ್ ಕಲ್ತಾಳ, ದೀಪಾವಳಿ ಒಳಗ ನಮ್ಮ ಅಂಗಡಿ ವೆಬ್‌ಸೈಟ್ ಬರ್ತೈತಿ ಅಂತ ಓಣಿ ತುಂಬ ಹೇಳ್ಕೊಂಡು ಕುಂತಾರ. ನಮ್ಮ ಕಾಕಾನ ಮಗ ಅಂತಾನ, ಕೋಡಿಂಗ್ ಯಾಕ ಬೇಕವಾ, ಮೌಸ್‌ಲೆ ಎಳದು ಬಿಟ್ರ ಪೇಜ್ ತಯಾರಾಗೋ ಸಾಫ್ಟ್‌ವೇರ್ ಬಂದಾವು ಅಂತ. ಕ್ಲಾಸಿನ ಸರ್ ಅಂತಾರ, ಎಚ್‌ಟಿಎಂಎಲ್ (ವೆಬ್ ಪೇಜ್ ಬರಿಯೋ ಭಾಷೆ) ಬರಲಾರ್ದ ಸೈಟ್ ಮಾಡೋದು ಅಂದ್ರ ಈಜು ಬರಲಾರ್ದ ಬಾವಿಗೆ ಹಾರಿದಂಗ ಅಂತ. ಯಾರ ಮಾತು ಕೇಳ್ಲಿ?
(ಹೆಸರು ಬ್ಯಾಡ ಅಂದಾರ, ಇಳಕಲ್)

ಉತ್ತರ: ದೀಪಾವಳಿ ತನಕ ಕಾಕಾನ ಮಗನ ಮಾತು ಕೇಳು ತಂಗಿ, ಪಾಡ್ಯ ಮುಗಿದ ಮರುದಿನದಿಂದ ಕ್ಲಾಸಿನ ಸರ್ ಮಾತು. ಚ್ಯಾಷ್ಟಿ ಅಲ್ಲ, ಖರೇನ ಹೇಳಾಕತ್ತೀನಿ. ಹಬ್ಬದ ಗಿರಾಕಿ ನಿನ್ನ ಅಭ್ಯಾಸ ಮುಗಿಯೂತನಕ ಕಾಯಂಗಿಲ್ಲ, ಮತ್ತ ಕಲಿಯೋರ ಮೊದಲ ಕೂಸು ಅಪ್ಪನ ಅಂಗಡಿ ಸೈಟ್ ಆಗಬಾರದು, ಕೆಟ್ರ ಮನ್ಯಾಗ ಊಟದ ಟೈಮಿಗೆ ಮಾತು ಕೇಳ್ಬೇಕಾಗ್ತೈತಿ.

ಆದ್ರ ಕಲಿಯೋದು ಬಿಡಬ್ಯಾಡ. ಯಾಕಂದ್ರ, ನಿಮ್ಮ ಅಂಗಡಿಗೆ ಕಸೂತಿ ಹಾಕಿದ ಸೀರಿ ಬಂದ್ರ ನಿಮ್ಮಪ್ಪ ಮದಲ ಏನ್ ಮಾಡ್ತಾರ? ಸೆರಗು ತಿರುವಿ ನೋಡ್ತಾರ. ಗವಂತಿ ಹೊಲಿಗಿ ಕೈಲೆ ಹಾಕಿದ್ದಾದ್ರ ಹಿಂದೂ ಮುಂದೂ ಒಂದ ಥರ ಕಾಣ್ತೈತಿ, ಗಂಟಿರಂಗಿಲ್ಲ. ಪೇಜಿಗೂ ಹಿಂಬದಿ ಐತಿ. ಕಂಪ್ಯೂಟರ್‌ನ್ಯಾಗ ಯಾವದರೆ ಪೇಜ್ ತಗದು ಕಂಟ್ರೋಲ್ ಜೊತಿ ಯು ಒತ್ತು, ಹಿಂಬದಿ ಕಾಣ್ತೈತಿ. ಮೊನ್ನೆ ಒಂದು ಎಳದು-ಬಿಟ್ಟು ಮಾಡಿದ ಸೈಟ್ ಹಂಗ ತಿರುವಿದೆ, ಅಂಗಡಿ ಹೆಸರು ಒಂದ ಸಾಲು, ಅದಕ್ಕ ಡಿವ್ (ಹೆಸರಿಲ್ಲದ ಡಬ್ಬಿ) ಮ್ಯಾಲ ಡಿವ್, ಒಂದರೊಳಗ ಒಂದು ಹನ್ನೊಂದು ಡಬ್ಬಿ! ಕೈಲೆ ಬರದ್ರ ‘ಇದು ಹೆಡಿಂಗ್’ ಅಂತ ಗುರ್ತು ಹಾಕೋ ಒಂದ ಟ್ಯಾಗಿನ್ಯಾಗ ಮುಗಿಯೂ ಮಾತದು. ಹೆಡಿಂಗ್ ಅಂತ ಹೇಳಿದ್ರ ಗೂಗಲ್‌ಗೂ ತಿಳೀತೈತಿ, ಕಣ್ಣು ಕಾಣಲಾರದವರಿಗೆ ಪೇಜ್ ಓದಿ ಹೇಳೋ ಸಾಫ್ಟ್‌ವೇರಿಗೂ ತಿಳೀತೈತಿ.

ಇನ್ನ ರೆಡಿಮೇಡ್ ಟೆಂಪ್ಲೇಟ್ ಹಾಕ್ತಿಯಲ್ಲ, ಅವು ಬಾಳಷ್ಟು ಇಂಗ್ಲಿಷ್ ಅಕ್ಷರಕ್ಕ ಅಳತಿ ಹಿಡದು ಮಾಡಿದ್ದು. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಹಿಂಗಾಗಿ ದೊಡ್ಡ ಹೆಡಿಂಗಿಗೆ ಸಾಲಿನ ಎತ್ತರ ಬಿಗಿ ಇಟ್ಟಿರ್ತಾರ. ನೀ ಅಲ್ಲಿ ‘ಚಿಕ್ಕಿ ಪರಾಸ್ ದಡಿ’ ಅಂತ ಬರದ್ರ ಕೆಳಗಿನ ಕ ಒತ್ತು ಮುಂದಿನ ಸಾಲಿಗೆ ಬಡೀತೈತಿ, ಕೆಲವು ಟೆಂಪ್ಲೇಟಿನ್ಯಾಗ ಅರ್ಧ ಕತ್ತರಿಸೇ ಹೋಗ್ತೈತಿ, ಗಿರಾಕಿ ಓದೋದು ‘ಚಿಕಿ ಪರಾಸ್’. ‘ಗಾಯತ್ರಿ ದಡಿ’ಗೂ ಅದ ಗತಿ. ಆವಾಗ ಕಾಕಾನ ಮಗ ಫಾಂಟ್ ಸಣ್ಣದು ಮಾಡು, ಬ್ಯಾರೆ ಟೆಂಪ್ಲೇಟ್ ಹಾಕು ಅಂತ ಎರಡು ದಿನ ತಿರಗಸ್ತಾನ. ಸಿಎಸ್‌ಎಸ್ (ಪೇಜಿನ ಅಳತಿ, ಬಣ್ಣ, ರೂಪ ಹೇಳೋ ಕೋಡ್) ಗೊತ್ತಿದ್ರ ಲೈನ್ ಹೈಟ್ ಅನ್ನೋ ಒಂದು ಸಾಲಿಗೆ 1.6 ಅಂತ ಹಾಕಿ ಚಾ ಕುಡಿಯಾಕ ಏಳ್ತಿ. ಹಂಗ ಲೆಟರ್ ಸ್ಪೇಸಿಂಗ್ ಅಂತ ಒಂದಿರ್ತೈತಿ, ಕನ್ನಡಕ್ಕ ಅದು ಸೊನ್ನಿನ ಇರ್ಲಿ, ಇಲ್ಲಂದ್ರ ಅಕ್ಷರ ಒಂದಕ್ಕೊಂದು ಮುನಿಸ್ಕೊಂಡು ದೂರ ನಿಂತಂಗ ಕಾಣ್ತಾವು.

ನಂದೊಂದು ಕತಿ ಹೇಳ್ತೀನಿ. ಭಾಳ ವರ್ಷದ ಹಿಂದ ಬೆಳಗಾವ್ಯಾಗ ಒಂದು ಕುಂದಾ ಅಂಗಡಿಗೆ ಇಂಥಾದ್ದ ಒಂದು ಸಾಫ್ಟ್‌ವೇರಿನ್ಯಾಗ ಸೈಟ್ ಮಾಡಿ ಕೊಟ್ಟಿದ್ದೆ, ಹೆಸರು ಬ್ಯಾಡ ಬಿಡು. ಭಾಳ ಚಂದ ಆಗಿತ್ತು, ಅಂಗಡಿಯವರು ಖುಷಿಯಾಗಿ ಎರಡು ಕಿಲೋ ಕುಂದಾ ಮ್ಯಾಲ ಕೊಟ್ರು. ಮುಂದ ನನ್ನ ಕಂಪ್ಯೂಟರ್ ಕೆಟ್ಟು ಹೊಸದು ತಂದ್ರ ಆ ಸಾಫ್ಟ್‌ವೇರ್ ಅದರಾಗ ಏರವಲ್ದು, ಆ ಫೈಲ್ ಬ್ಯಾರೆ ಯಾವದರಾಗೂ ತೆರೀವಲ್ದು. ಬರೇ ರೇಟ್ ಬದ್ಲ ಮಾಡೂದಿತ್ತು ನೋಡು, ಅಷ್ಟಕ್ಕ ನಾಲ್ಕು ರಾತ್ರಿ ಕುಂತು ಇಡೀ ಸೈಟ್ ಮತ್ತ ಬರದೆ. ಕೈಲೆ.

ಸಾಫ್ಟ್‌ವೇರ್ ನಿಲ್ಲೋದು ಹೊಸದಲ್ಲ. ಮೈಕ್ರೋಸಾಫ್ಟ್ 1996ರಾಗ ಫ್ರಂಟ್‌ಪೇಜ್ ಅನ್ನೋ ಸೈಟ್ ಮಾಡೋ ಸಾಫ್ಟ್‌ವೇರ್ ಕೊಂಡ್ಕೊಂಡಿತ್ತು, ಒಂದು ಕಾಲಕ್ಕ ಕ್ಲಾಸಿನ್ಯಾಗೆಲ್ಲ ಅದ, 2003ರ ಆವೃತ್ತಿಗೆ ಮುಗೀತು. ಅಡೋಬಿಯವರ ಮ್ಯೂಸ್, ಕೋಡ್ ಮುಟ್ಟಲಾರ್ದ ಸೈಟ್ ಮಾಡ್ರಿ ಅಂತ ಬಂದಿದ್ದು, ನಿಲ್ಲಸ್ತೀವಿ ಅಂತ 2018ರಾಗ ಹೇಳಿ 2020ರಾಗ ಸಪೋರ್ಟ್ ತಗದ್ರು. ಆದ್ರ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ, ಸರ್ನ್ ಅನ್ನೋ ಯುರೋಪಿನ ವಿಜ್ಞಾನ ಸಂಸ್ಥೆಯೊಳಗ ಕುಂತು ಮಾಡಿದ ಮೊಟ್ಟಮೊದಲ ಸೈಟಿನ ಪೇಜ್ 1990ರ ದಶಕದ ಶುರುವಿಂದು, ಅದು ಇವತ್ತ ನಿನ್ನ ಮೊಬೈಲ್‌ನ್ಯಾಗೂ ತೆರೀತೈತಿ. ಚಂದ ಏನಿಲ್ಲ, ಬರೇ ಅಕ್ಷರ ಮತ್ತ ಲಿಂಕು.

ಕಲಿಯಾಕ ದುಡ್ಡು ಸುರೀಬ್ಯಾಡ. ನೋಟ್‌ಪ್ಯಾಡ್ ಸಾಕು, ಬ್ರೌಸರ್ ಸಾಕು. ದಿನಾ ಒಂದು ತಾಸು ಕೊಟ್ರ ಹೆಡಿಂಗ್, ಪ್ಯಾರಾ, ಚಿತ್ರ, ಲಿಂಕು, ಸ್ವಲ್ಪ ಸಿಎಸ್‌ಎಸ್ ಎರಡು ತಿಂಗಳದಾಗ ಕೈಗೆ ಹತ್ತತಾವು. ಟ್ಯಾಗ್ ತೆರದ್ರ ಮುಚ್ಚಬೇಕು ಅನ್ನೂದು ನಿಂಗ ಹೇಳಿಕೊಡೂದೇನೈತಿ, ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕೂದು ನೋಡಿ ಬೆಳದಾಕಿ ನೀನು. ಒಂದು ಕೊಂಡಿ ತಪ್ಪಿದ್ರ ಮಗ್ಗದಾಗ ಆವಾಗಿಂದಾವಾಗ ಗೊತ್ತಾಗ್ತೈತಿ, ಆದ್ರ ಬ್ರೌಸರ್ ಬೈಯಂಗಿಲ್ಲ, ತಾನ ಏನರೆ ಹೊಂದಸ್ಕೊಂಡು ತೋರಿಸಿಬಿಡ್ತೈತಿ, ಅದ ತ್ರಾಸು.

ಹಾಂ, ಡೊಮೈನ್ (ಸೈಟಿನ ವಿಳಾಸ) ಅಪ್ಪನ ಹೆಸರಿಲೆ ತಗೋ, ಕಾಕಾನ ಮಗನ ಹೆಸರಿಲೆ ಅಲ್ಲ. ಸೀರಿ ಫೋಟೋ, ಬರದ ಮಾತು ಎಲ್ಲಾ ಮನಿ ಕಂಪ್ಯೂಟರಿನ್ಯಾಗೂ ಒಂದು ಕಾಪಿ ಇಟ್ಕೋ, ನಾಳೆ ಸೈಟ್ ಬಿಟ್ಟು ಬರಬೇಕಾದ್ರ ಕೈ ಖಾಲಿ ಇರಬಾರದು.

ಪ್ರಶ್ನೆ: ಬೆಳಗಾವ್ಯಾಗ ಇಪ್ಪತ್ತೈದು ವರ್ಷದಿಂದ ಡಿಟಿಪಿ ಕೆಲಸ ನಂದು. ಲಗ್ನಪತ್ರಿಕಿ, ಬ್ಯಾನರ್ ಎಲ್ಲಾ ಕೋರಲ್‌ಡ್ರಾದಾಗ. ಈಗ ಗಿರಾಕಿಗಳು ವೆಬ್‌ಸೈಟೂ ನೀವ ಮಾಡ್ರಿ ಅಂತಾರ. ಕನ್ನಡ ಟೈಪ್ ಮಾಡೋ ‘ನುಡಿ’ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿದ್ದು ಸೈಟಿಗೆ ಹಾಕಿದ್ರ ಬರೇ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಬರ್ತಾವು. ಈ ವಯಸ್ಸಿಗೆ ಕೋಡ್ ಕಲೀಬೇಕಾ?

ಉತ್ತರ: ಅಣ್ಣಾರ, ಅದು ಸಾಫ್ಟ್‌ವೇರಿನ ತಪ್ಪಲ್ರಿ. ಹಳೇ ನುಡಿ ಫಾಂಟ್ ಇಂಗ್ಲಿಷ್ ಅಕ್ಷರದ ಮನಿಯೊಳಗ ಕನ್ನಡದ ಆಕಾರ ಬಾಡಿಗಿಗೆ ಇಟ್ಟಿತ್ತು, ಆ ಫಾಂಟ್ ಇಲ್ಲದ ಕಡಿ ಮನಿ ಮಾಲಕ ಹೊರಗ ಬರ್ತಾನ. ಎಲ್ಲಾ ಭಾಷೆಯ ಅಕ್ಷರಕ್ಕೂ ಬ್ಯಾರೆ ಬ್ಯಾರೆ ನಂಬರ್ ಕೊಡೋ ಯೂನಿಕೋಡಿನ್ಯಾಗ ಕನ್ನಡಕ್ಕ ಸ್ವಂತ 128 ಜಾಗ ಐತಿ. ಹಳೇ ಮಜಕೂರು ಕನ್ವರ್ಟರ್‌ಗೆ ಹಾಕಿ ಬದ್ಲ ಮಾಡ್ಕೋರಿ, ಆಮ್ಯಾಲ ಒಮ್ಮೆ ಕಣ್ಣಾಡಸ್ರಿ, ಅರ್ಕಾವತ್ತು ಕೆಲವು ಸಲ ಜಾಗ ಬಿಟ್ಟಿರ್ತಾವು.

ನಿಮಗ ಕಠಿಣ ಆಗೂದು ಕೋಡ್ ಅಲ್ರಿ, ಕಾಗದದ ರೂಢಿ ಬಿಡೂದು. ಪತ್ರಿಕಿಗೆ ಅಳತಿ ಐತಿ, ನೀವು ದೇವರ ಫೋಟೋ ಎಲ್ಲಿ ಕೂಡಸ್ತೀರಿ ಅಲ್ಲೇ ಕುಂದರ್ತೈತಿ. ವೆಬ್ ಪೇಜಿಗೆ ಅಳತಿನ ಇಲ್ಲ, ಒಬ್ಬರ ಮೊಬೈಲ್ ಸಣ್ಣದು, ಇನ್ನೊಬ್ಬರ ಆಫೀಸಿನ ಪರದಿ ಮಾರುದ್ದ, ನೀರು ಪಾತ್ರಿಗೆ ಹೊಂದ್ಕೊಂಡಂಗ ಪೇಜ್ ಹೊಂದ್ಕೋಬೇಕು. 2010ರಾಗ ಈಥನ್ ಮಾರ್ಕಾಟ್ ಅನ್ನೋರು ಇದಕ್ಕ ರೆಸ್ಪಾನ್ಸಿವ್ ಅಂತ ಹೆಸರಿಟ್ರು. ನೀವು ಎಳದು-ಬಿಡೋ ಸಾಫ್ಟ್‌ವೇರ್ ಬೇಶಕ್ ಬಳಸ್ರಿ, ಬರೇ ಸಿಎಸ್‌ಎಸ್ ಅಷ್ಟ ಕಲೀರಿ, ಮತ್ತ ಬ್ಯಾನರ್ ಜೆಪೆಗ್ ಚಿತ್ರ ಮಾಡಿ ಪೇಜಿಗೆ ಅಂಟಸೂ ಚಟ ಬಿಡ್ರಿ. ಚಿತ್ರದಾಗಿನ ಫೋನ್ ನಂಬರ್ ಒತ್ತಿದ್ರ ಫೋನ್ ಹೋಗಂಗಿಲ್ಲ.

ಪ್ರಶ್ನೆ: ಎಐಗೆ ಹೇಳಿದ್ರ ಪೂರಾ ಕೋಡ್ ಬರದು ಕೊಡ್ತದ, ಇನ್ನ ಕಲಿಯೋದು ಯಾಕ್ರೀ? (ವಿಜಯಪುರ)

ಉತ್ತರ: ಬರಸ್ರಿ, ನಾನೂ ಬರಸ್ತೀನಿ. ಹೋದ ತಿಂಗಳ ಗೆಳೆಯನ ದ್ರಾಕ್ಷಿ ವ್ಯಾಪಾರಕ್ಕ ಆರ್ಡರ್ ಫಾರ್ಮ್ ಬರಿಸಿದೆ. ಬಟನ್ ಒತ್ತಿದ್ರ ಹಸಿರು ಬಣ್ಣದಾಗ ‘ಧನ್ಯವಾದಗಳು, ನಿಮ್ಮ ಆರ್ಡರ್ ಬಂದಿದೆ’ ಅಂತ ಬರ್ತಿತ್ತು, ನೋಡಾಕ ಬಾಳ ಛಲೋ. ಮೂರು ದಿನ ಒಂದೂ ಆರ್ಡರ್ ಇಲ್ಲ. ಆಮ್ಯಾಲ ತಿರುವಿ ನೋಡಿದ್ರ ಫಾರ್ಮಿಗೆ ಎಲ್ಲಿಗೆ ಕಳಸ್ಬೇಕು ಅನ್ನೋ ವಿಳಾಸನ ಇರಲಿಲ್ಲ, ಬರೇ ಧನ್ಯವಾದ ಹೇಳಿ ಎಲ್ಲಾರ ಆರ್ಡರ್ ನುಂಗಿ ಕುಂತಿತ್ತು.