ಕಪ್ಪು ಕಫಕ್ಕಿಂತ ಪ್ರೆಸ್ಸಿನ ಹೊಗೆಗೆ ಹೆದರಿ

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಬ್ಬರ್ ಬುಷ್, ವಾಷರ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಮೊದಲು ಮಿಕ್ಸಿಂಗ್ ಮಿಲ್‌ನಲ್ಲಿದ್ದಾಗ ಕಫ ಕಪ್ಪಗೆ ಬರುತ್ತಿತ್ತು. ಈಗ ರಬ್ಬರನ್ನು ಅಚ್ಚಿನಲ್ಲಿ ಬೇಯಿಸುವ ಪ್ರೆಸ್ಸಿಗೆ ಹಾಕಿದ್ದಾರೆ. ಕಫ ಬೆಳ್ಳಗಾಗಿದೆ, ಆದರೆ ರಾತ್ರಿ ಕೆಮ್ಮು, ಎದೆ ಬಿಗಿತ. ಭಾನುವಾರ ಆರಾಮಾಗಿರುತ್ತಾರೆ. ಎಕ್ಸ್‌ರೇ ನಾರ್ಮಲ್ ಅಂದರು. ಕೆಲಸದಲ್ಲಿ ಕರ್ಚೀಫ್ ಕಟ್ಟಿಕೊಳ್ಳುತ್ತಾರೆ, ಫ್ಯಾಕ್ಟರಿಯವರು ದಿನಾ ಬೆಲ್ಲ ಕೊಡುತ್ತಾರೆ. ಇಷ್ಟು ಸಾಕಾ ಡಾಕ್ಟ್ರೇ?
— ಹೆಸರು ಬೇಡ, ತುಮಕೂರು

ಉತ್ತರ: ಸಾಲದಮ್ಮ. ಭಾನುವಾರ ಆರಾಮಾಗಿರುತ್ತಾರೆ ಅಂತ ಬರೆದಿದ್ದೀರಲ್ಲ, ನನಗೆ ಬೇಕಾಗಿದ್ದ ಮಾತು ಅದೇ. ರಜೆಯಲ್ಲಿ ಇಳಿದು, ಕೆಲಸಕ್ಕೆ ಹೋದಾಗ ಮತ್ತೆ ಏರುವ ಕೆಮ್ಮು ಕೆಲಸದಿಂದಲೇ ಬರುತ್ತಿರಬಹುದು. ಕೆಲಸದಿಂದ ಬರುವ ಆಸ್ತಮಾ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕೊಳವೆಗೆ ಜೋರಾಗಿ ಊದಿಸುವ ಪಿಎಫ್‌ಟಿ ಪರೀಕ್ಷೆ ಮಾಡಿಸಿ. ರಜೆಯ ದಿನ ಬೇಡ, ಕೆಲಸ ನಡೆಯುವ ವಾರದಲ್ಲಿ ಶಿಫ್ಟ್ ಮುಗಿಸಿಕೊಂಡು ಹೋಗಲಿ. ಇಎಸ್‌ಐ ಕಾರ್ಡ್ ಇದ್ದರೆ ಅಲ್ಲೇ ತೋರಿಸಿ. ರಬ್ಬರ್ ಪ್ರೆಸ್ಸಿನ ಕೆಲಸ ಅಂತ ಚೀಟಿಯಲ್ಲಿ ಬರೆಸುವುದನ್ನು ಮರೆಯಬೇಡಿ, ಮುಂದೆ ಅದೇ ದಾಖಲೆ.

ಕಫ ಕಪ್ಪಾಗುತ್ತಿದ್ದುದು ರಬ್ಬರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿಯಿಂದ. ಅದೇನೂ ಒಳ್ಳೆಯದಲ್ಲ. ಆದರೆ ಕಣ್ಣಿಗೆ ಕಾಣುತ್ತೆ ಅಂತ ಎಲ್ಲರೂ ಅದಕ್ಕೊಂದಕ್ಕೇ ಹೆದರುತ್ತಾರೆ. ಪ್ರೆಸ್ಸಿನಲ್ಲಿ ರಬ್ಬರನ್ನು ಸುಮಾರು 150ರಿಂದ 180 ಡಿಗ್ರಿ ಬಿಸಿಯಲ್ಲಿ ಬೇಯಿಸುತ್ತಾರೆ. ಅದರಲ್ಲಿ ಬೆರೆಸಿದ ಆಕ್ಸಿಲರೇಟರ್ (ರಬ್ಬರ್ ಬೇಗ ಬೇಯಲು ಹಾಕುವ ರಾಸಾಯನಿಕ), ಎಣ್ಣೆ, ಗಂಧಕದಿಂದ ಹುಟ್ಟಿದ ಆವಿಯೆಲ್ಲ ಪ್ರೆಸ್ ತೆರೆದ ಕ್ಷಣ ಹೊಗೆಯಾಗಿ ಏಳುತ್ತದೆ. ಸರಿಯಾಗಿ ಆಗಲೇ ಆಪರೇಟರ್ ಬಗ್ಗಿ ಮೋಲ್ಡ್ ಎಳೆಯಬೇಕು. ಮುಖ ನೇರ ಹೊಗೆಯೊಳಗೆ! ಬ್ರಿಟನ್ನಿನಲ್ಲಿ ರಬ್ಬರ್ ಧೂಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 6 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಹೊಗೆಗೆ ಇಟ್ಟಿರುವುದು ಬರೀ 0.6.

ಕೆಲವು ಆಕ್ಸಿಲರೇಟರ್‌ಗಳಿಂದ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳೂ ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಬ್ಬರ್ ಕಾರ್ಖಾನೆಯ ಕೆಲಸವನ್ನೇ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಲ್ಲದು ಎಂಬುದು ಖಚಿತವಾಗಿರುವ ಗುಂಪಿಗೆ ಸೇರಿಸಿದೆ. ಮೂತ್ರಕೋಶ, ಶ್ವಾಸಕೋಶ, ಹೊಟ್ಟೆ, ರಕ್ತದ ಕ್ಯಾನ್ಸರ್‌ಗಳು ಆ ಪಟ್ಟಿಯಲ್ಲಿವೆ. ಗಾಬರಿಯಾಗಬೇಡಿ, ಈ ಪುರಾವೆ ಹೆಚ್ಚಾಗಿ ಹಳೆಯ ಕಾಲದ ಕಾರ್ಖಾನೆಗಳಿಂದ ಬಂದದ್ದು. ಆದರೂ ಬೀಡಿ ಸಿಗರೇಟಿದ್ದರೆ ಇವತ್ತೇ ಬಿಡಿಸಿ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲ ಅಂತ ಸುಮ್ನೆ ಕೂರಬೇಡಿ.

ಇನ್ನೊಂದು ಮಾತು, ನೀವು ಕೇಳಿಲ್ಲ. ಥೈರಾಮ್ ಜಾತಿಯ ಆಕ್ಸಿಲರೇಟರ್ ಪುಡಿ ಮೈಗೆ ಸೇರಿದವರು ಸಂಜೆ ಕುಡಿದರೆ ಮುಖ ಕೆಂಪಾಗಿ ಎದೆ ಡವಡವ ಅನ್ನುತ್ತದೆ. ಅಮೆರಿಕದ ಕಾರ್ಖಾನೆ ವೈದ್ಯರೊಬ್ಬರು 1937ರಲ್ಲೇ ಇದನ್ನು ಬರೆದಿದ್ದರು. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯೂ ಇದೇ ಜಾತಿಯದು.

ಬೆಲ್ಲ ತಿನ್ನಲಿ, ತಪ್ಪೇನಿಲ್ಲ. ಅದು ಹೋಗುವುದು ಹೊಟ್ಟೆಗೆ, ಪುಪ್ಪುಸಕ್ಕಲ್ಲ. ಬೆಲ್ಲ ಕೊಟ್ಟು ಕೈ ತೊಳೆದುಕೊಳ್ಳುವ ಮಾಲೀಕರನ್ನು ನಾನು ಒಪ್ಪುವುದಿಲ್ಲ. ಕರ್ಚೀಫಿನಿಂದಲೂ ಪ್ರಯೋಜನವಿಲ್ಲ. ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಗಡ್ಡ ಬಿಟ್ಟಿದ್ದರೆ ಪಕ್ಕದಿಂದ ಸೋರುತ್ತದೆ, ಆವಿಯನ್ನಂತೂ ತಡೆಯುವುದಿಲ್ಲ. ನಿಜವಾಗಿ ಬೇಕಾದ್ದು ಪ್ರತಿ ಪ್ರೆಸ್ಸಿಗೂ ಹೊಗೆ ಎಳೆಯುವ ಹುಡ್. ಅದು ಪ್ರೆಸ್ಸಿನ ಹಿಂದೆ ಇರಬೇಕು. ತಲೆಯ ಮೇಲಿದ್ದರೆ ಹೊಗೆ ಮೂಗಿನ ಮುಂದೆಯೇ ಹಾದು ಹೋಗುತ್ತೆ, ಅಲ್ವಾ? ಪೆಡೆಸ್ಟಲ್ ಫ್ಯಾನ್ ಹಾಕಿದರೆ ಪಕ್ಕದ ಆಪರೇಟರ್‌ಗೆ ಹೊಗೆ ದಾಟಿಸಿದಂತೆ, ಅಷ್ಟೇ.

ಹುಡ್ ಈಗಾಗಲೇ ಇದ್ದರೆ, ಸೂಪರ್‌ವೈಸರ್‌ಗೆ ಹೇಳಿ ಒಂದು ಊದುಬತ್ತಿ ಹಚ್ಚಿ ಮೋಲ್ಡ್ ತೆರೆಯುವ ಜಾಗದಲ್ಲಿ ಹಿಡಿದು ನೋಡಲಿ. ಹತ್ತಿರ ಸಲ್ಯೂಷನ್ (ರಬ್ಬರ್ ಅಂಟು), ಪೆಟ್ರೋಲ್ ಇದ್ದರೆ ಬೇಡ, ಬೆಂಕಿ ಹತ್ತುತ್ತೆ. ಹೊಗೆ ಹುಡ್‌ನೊಳಗೆ ಹೋಗದೆ ಮುಖದತ್ತ ಬಂದರೆ, ಮೋಟಾರ್ ಎಷ್ಟೇ ಸದ್ದು ಮಾಡಲಿ, ಹುಡ್ ಕೆಲಸ ಮಾಡುತ್ತಿಲ್ಲ. ಸೂಪರ್‌ವೈಸರ್ ಕಿವಿಗೆ ಹಾಕಿಕೊಳ್ಳದಿದ್ದರೆ ಕಾರ್ಖಾನೆ ಇಲಾಖೆಗೆ ದೂರು ಕೊಡಬಹುದು.

ಪ್ರಶ್ನೆ: ಮಾಲೂರಿನಲ್ಲಿ ಟೈರ್ ರೀಸೋಲ್ ಅಂಗಡಿಯಲ್ಲಿದ್ದೇನೆ. ಸಲ್ಯೂಷನ್ ಬಳಿಯುವಾಗ ತಲೆನೋವು, ಅಮಲು ಬಂದ ಹಾಗಾಗುತ್ತೆ. ಅಭ್ಯಾಸವಾಗುತ್ತೆ ಅಂತಾರೆ ಹಿರಿಯರು.
— ಓದುಗ, ಕೋಲಾರ ಜಿಲ್ಲೆ

ಉತ್ತರ: ಮೂಗಿಗೆ ವಾಸನೆ ಅಭ್ಯಾಸವಾಗುತ್ತೆ, ಮೆದುಳಿಗೆ ಅಭ್ಯಾಸವಾಗಬೇಕಿಲ್ಲ. ಸಲ್ಯೂಷನ್‌ನಲ್ಲಿರುವುದು ಬೇಗ ಆರುವ ದ್ರಾವಕ. ಬಾಗಿಲ ಬಳಿ, ಗಾಳಿ ನಿಮ್ಮ ಹಿಂದಿನಿಂದ ಬಂದು ಹೊರಗೆ ಹೋಗುವಂತೆ ನಿಂತು ಬಳಿಯಿರಿ. ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ಟೈರ್ ಉಜ್ಜುವ ಬಫಿಂಗ್ ಕಿಡಿ ಹಾರುವ ಜಾಗದಿಂದ ಅದನ್ನು ದೂರ ಇಡಿ, ಬೆಂಕಿ ಹತ್ತುತ್ತೆ. ಇದಕ್ಕೆ ಎನ್95 ಸಾಲದು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕೇಳಿ. ಕೈಗೆ ಅಂಟಿದ್ದನ್ನು ಪೆಟ್ರೋಲಿನಲ್ಲಿ ತೊಳೆಯುವುದನ್ನೂ ನಿಲ್ಲಿಸಿ, ಚರ್ಮದಿಂದಲೂ ಅದು ಒಳಗೆ ಇಳಿಯುತ್ತದೆ.