"ಅಕ್ಕನ ಹಾಗೆ ನಾನೂ ಕಾಲೇಜಿಗೆ ಹೋಗ್ತೀನಿ": ಒಂದು ಆಪ್ತಸಲಹೆ ಪ್ರಕರಣ

ಟೆಕ್ಸಸ್‌ನಲ್ಲಿರುವ ಕನ್ನಡ ಕುಟುಂಬ. ಅಪ್ಪ ಅಮ್ಮ ಮೈಸೂರು ಕಡೆಯವರು, ಇಬ್ಬರೂ ಕೆಲಸದಲ್ಲಿದ್ದಾರೆ. ಮಗ ಹುಟ್ಟಿದ್ದು ಅಲ್ಲೇ, ಈಗ 18 ತುಂಬಿದೆ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಕ್ಕ ಕಾಲೇಜು ಸೇರಿ ಹಾಸ್ಟೆಲಿಗೆ ಹೋದಾಗಿನಿಂದ ಹುಡುಗನದ್ದು ಒಂದೇ ಹಟ, ನಾನೂ ಹೋಗ್ತೀನಿ ಅಂತ. ಮನೆಯವರು ಮೊದಮೊದಲು ನಕ್ಕು ಸುಮ್ಮನಾದರು. ಆಮೇಲೆ ಅವನು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟ, ಯಾರ ಜೊತೆಗೂ ಮಾತಿಲ್ಲ. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನನ್ನು ಕೇಳಿದ್ದು ಇಷ್ಟು: "ಮೇಡಂ, ನಿಂಗೆ ಕಾಲೇಜು ಆಗಲ್ಲ ಕಣೋ ಅಂತ ಇವನಿಗೆ ಹೇಗೆ ಹೇಳೋದು?"

ಹಾಗೆ ಹೇಳಬೇಡಿ, ಯಾಕಂದ್ರೆ ಅದು ನಿಜ ಅಲ್ಲ ಅಂದೆ. ಅವರಿಗೆ ಇದು ಗೊತ್ತೇ ಇರಲಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗ ಹುಡುಗಿಯರಿಗೆ ಅಂತಲೇ ಕಾರ್ಯಕ್ರಮ ನಡೆಸುವ ಕಾಲೇಜುಗಳು ಅಮೆರಿಕದಲ್ಲಿ 300ಕ್ಕೂ ಜಾಸ್ತಿ ಇವೆ. ಇವರದೇ ರಾಜ್ಯದಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಆ್ಯಗಿ ಅಚೀವ್ ಅನ್ನುವ ಕಾರ್ಯಕ್ರಮ ಇದೆ, ನಾಲ್ಕು ವರ್ಷದ್ದು. ವರ್ಜೀನಿಯಾದ ಜಾರ್ಜ್ ಮೇಸನ್, ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್, ನ್ಯೂಯಾರ್ಕ್‌ನ ಸಿರಕ್ಯೂಸ್, ಇಲ್ಲೆಲ್ಲ ವರ್ಷಗಳಿಂದ ನಡೆಯುತ್ತಿದೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ನಡೆಸುವ ಥಿಂಕ್ ಕಾಲೇಜ್ ಅನ್ನುವ ಜಾಲತಾಣದಲ್ಲಿ ಇಡೀ ದೇಶದ ಪಟ್ಟಿ ಸಿಗುತ್ತದೆ. ಮೊದಲು ಅದನ್ನು ನೋಡಿ ಅಂದೆ.

ಆಮೇಲೆ ಹುಡುಗನನ್ನು ಕರೆಯಿರಿ ಅಂದೆ. ಬಂದ. ಪರದೆಯಲ್ಲಿ ಅವನ ಪಕ್ಕದಲ್ಲೇ ಅಮ್ಮ. ನಾನು ಅವನನ್ನು ಏನೇ ಕೇಳಿದರೂ ಉತ್ತರ ಬರುತ್ತಿದ್ದದ್ದು ಅಮ್ಮನಿಂದ. ಏನು ಇಷ್ಟ ಅಂದರೆ ಅವನಿಗೆ ಅಡುಗೆ ವಿಡಿಯೋ ಇಷ್ಟ ಮೇಡಂ. ಸ್ನೇಹಿತರು ಇದ್ದಾರಾ ಅಂದರೆ ಅಷ್ಟಾಗಿ ಇಲ್ಲ ಮೇಡಂ. ಐದು ನಿಮಿಷ ನೀವು ಆಚೆ ಕೋಣೆಯಲ್ಲಿರಿ ಅಂತ ಕೇಳಿಕೊಂಡೆ. ಅವರು ಹೋದ ಮೇಲೆ ಹುಡುಗ ಸ್ವಲ್ಪ ಹೊತ್ತು ಬಾಗಿಲ ಕಡೆಯೇ ನೋಡಿದ. ನಾನೂ ಕಾದೆ. ಕಾಲೇಜಲ್ಲಿ ಏನು ಬೇಕಪ್ಪ ನಿಂಗೆ ಅಂದೆ. "ಕೀ, ಆಂಟಿ. ಅಕ್ಕಂಗೆ ರೂಮ್ ಕೀ ಇದೆ. ನಂಗೂ ಬೇಕು." ಮನೆಯಲ್ಲಿ ಅವನ ಕೋಣೆಗೆ ಚಿಲಕವೇ ಇಲ್ಲ, ತೆಗೆಸಿಬಿಟ್ಟಿದ್ದಾರೆ. ಅಪ್ಪ ಅಮ್ಮ ಕಾಲೇಜು ಅಂದರೆ ಓದು, ಪರೀಕ್ಷೆ ಅಂದುಕೊಂಡಿದ್ದರು. ಇವನು ಕೇಳುತ್ತಿದ್ದದ್ದು ತನ್ನದು ಅನ್ನುವ ಒಂದು ಜಾಗ.

ತುರ್ತಾಗಿ ಹೇಳಬೇಕಾದ್ದು ಇನ್ನೊಂದಿತ್ತು. ಮೇ ತಿಂಗಳಲ್ಲಿ ಶಾಲೆ ಮುಗಿಯುತ್ತೆ, ಡಿಪ್ಲೊಮಾ ತಗೊಂಡುಬಿಡ್ತೀವಿ ಅಂತ ಅಪ್ಪ ಹೇಳಿದರು. ಡಿಪ್ಲೊಮಾ ಅಂದರೆ ಅಲ್ಲಿ ಹೈಸ್ಕೂಲು ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ. ತಡೆಯಿರಿ ಅಂದೆ. ಮಾಮೂಲಿ ಡಿಪ್ಲೊಮಾ ಕೈಗೆ ಬಂದರೆ ಶಾಲೆಯ ಉಚಿತ ವಿಶೇಷ ಶಿಕ್ಷಣ ಅಲ್ಲಿಗೆ ನಿಲ್ಲುತ್ತದೆ. ತಗೊಳ್ಳದಿದ್ದರೆ ಹೆಚ್ಚಿನ ರಾಜ್ಯಗಳಲ್ಲಿ 21 ಅಥವಾ 22 ವರ್ಷ ವಯಸ್ಸಿನ ತನಕ ಸಿಗುತ್ತದೆ, ಬಸ್ಸು ಹತ್ತುವುದು, ದುಡ್ಡು ಎಣಿಸುವುದು, ಕೆಲಸದ ಅಭ್ಯಾಸ ಎಲ್ಲ ಅದರಲ್ಲೇ ಕೇಳಿ ಪಡೆಯಬಹುದು. ಗೌನು ಹಾಕಿಕೊಂಡು ಗೆಳೆಯರ ಜೊತೆ ವೇದಿಕೆ ಹತ್ತಲಿ, ಟೆಕ್ಸಸ್‌ನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಸಹಿ ಹಾಕುವ ಮುಂಚೆ ಶಾಲೆಯ ಐಇಪಿ (ಆ ಮಗುವಿಗೆ ಅಂತಲೇ ಮಾಡುವ ಕಲಿಕೆಯ ಯೋಜನೆ) ಸಭೆಯಲ್ಲಿ ಕೂತು ಮಾತಾಡಿ. ಇಂಥ ಕಾಲೇಜು ಕಾರ್ಯಕ್ರಮಗಳು ಸಾಮಾನ್ಯವಾಗಿ ಆ ಡಿಪ್ಲೊಮಾ ಇರಲೇಬೇಕು ಅನ್ನುವುದಿಲ್ಲ.

ಹಣದ ವಿಷಯ. ಅಮೆರಿಕದಲ್ಲಿ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಬಂದ ಮೇಲೆ ಈ ಮಕ್ಕಳಿಗೂ ಅಲ್ಲಿನ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಧನಸಹಾಯ) ಸಿಗುತ್ತದೆ, ಆದರೆ ಶಿಕ್ಷಣ ಇಲಾಖೆ ಒಪ್ಪಿದ ಕಾರ್ಯಕ್ರಮಗಳಲ್ಲಿ ಮಾತ್ರ, ಅದೂ ಮನೆಯ ಆದಾಯ ನೋಡಿ. ಸಾಲ ಸಿಗುವುದಿಲ್ಲ. ಇವನು ಅಲ್ಲಿನ ಪ್ರಜೆ, ಹಾಗಾಗಿ ಅರ್ಜಿ ಹಾಕಬಹುದು. ಎಚ್-1ಬಿ ಕೆಲಸದ ವೀಸಾ ಮೇಲೆ ಹೋಗಿ, ಭಾರತದಲ್ಲಿ ಹುಟ್ಟಿದ ಮಗುವನ್ನು ಎಚ್-4 ಅವಲಂಬಿತರ ವೀಸಾದಲ್ಲಿ ಇಟ್ಟುಕೊಂಡಿರುವ ಮನೆಗಳಿಗೆ ಈ ನೆರವು ಇಲ್ಲ, 21 ಆದರೆ ವೀಸಾನೇ ಮುಗಿಯುತ್ತದೆ. ಅಂಥವರು ಇದನ್ನು ಬೇಗ ಯೋಚಿಸಬೇಕು.

ಮೈಸೂರಿನಿಂದ ಅಜ್ಜಿಯದು ಒಂದೇ ಮಾತು, ಕರ್ಕೊಂಡು ಬಂದ್ಬಿಡಿ, ನಾವು ನೋಡ್ಕೋತೀವಿ. ಪ್ರೀತಿಯ ಮಾತು, ಅನುಮಾನವಿಲ್ಲ. ಆದರೆ ನಮ್ಮಲ್ಲಿ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಉನ್ನತ ಶಿಕ್ಷಣಕ್ಕೆ 5% ಮೀಸಲಾತಿ ಇದ್ದರೂ ಪಿಯುಸಿ ದಾಟದೆ ಡಿಗ್ರಿ ಕಾಲೇಜಿಗೆ ಕಾಲಿಡುವ ಹಾಗಿಲ್ಲ. ಇವನಂಥ ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಇದು ನನ್ನನ್ನು ತುಂಬ ಕಾಡುವ ವಿಷಯ.

18 ಆಯಿತಲ್ಲ, ಕೋರ್ಟಿಗೆ ಹೋಗಿ ಪೂರ್ತಿ ಗಾರ್ಡಿಯನ್‌ಶಿಪ್ (ಅವನ ಪರವಾಗಿ ನಿರ್ಧಾರ ಮಾಡುವ ಕಾನೂನು ಅಧಿಕಾರ) ಮಾಡಿಸಿಕೊಳ್ಳಿ ಅಂತ ಪರಿಚಯದವರು ಹೇಳಿದ್ದರಂತೆ. ಅವಸರ ಬೇಡ ಅಂದೆ. ನಿರ್ಧಾರ ಅವನದೇ, ಜೊತೆಗೆ ಕೂತು ಅರ್ಥ ಮಾಡಿಸುವುದು ನಿಮ್ಮದು ಅನ್ನುವ ಒಪ್ಪಂದಕ್ಕೆ ಟೆಕ್ಸಸ್ 2015ರಲ್ಲೇ ಕಾನೂನು ಮಾಡಿದೆ, ಅಮೆರಿಕದಲ್ಲಿ ಮೊದಲು ಮಾಡಿದ್ದೇ ಆ ರಾಜ್ಯ. ವಕೀಲರನ್ನು ಕೇಳಿ, ಮೊದಲು ಆ ದಾರಿ ನೋಡಿ. ಕಾಲೇಜಿನಲ್ಲಂತೂ ಐಇಪಿ ಇರುವುದಿಲ್ಲ. ಸಹಾಯ ಬೇಕು ಅಂತ ಅವನೇ ಕೇಳಬೇಕು, ಅವನು ಒಪ್ಪದೆ ನಿಮಗೆ ಸಾಮಾನ್ಯವಾಗಿ ಅಂಕ ಕೂಡ ಹೇಳುವುದಿಲ್ಲ.

ಅದಕ್ಕೇ ಮನೆಯ ಅಭ್ಯಾಸ ಈಗಿಂದಲೇ ಬದಲಾಗಲಿ ಅಂದೆ. ಥೈರಾಯ್ಡ್ ಮಾತ್ರೆ ಅವನೇ ನೆನಪಿಟ್ಟು ತಗೊಳ್ಳಲಿ, ಫೋನಿನಲ್ಲಿ ಅಲಾರಂ ಇಟ್ಟುಕೊಡಿ. ಅವನ ಬಟ್ಟೆ ಅವನೇ ಮೆಷಿನ್ನಿಗೆ ಹಾಕಲಿ. ಅನ್ನ ಕಲಸಿ ತಟ್ಟೆ ಕೈಗೆ ಕೊಡುವುದನ್ನು ನಿಲ್ಲಿಸಿ. ಡಾಕ್ಟರ್ ಕೇಳಿದ ಪ್ರಶ್ನೆಗೆ ಅವನು ಉತ್ತರ ಕೊಡಲಿ, ಎಷ್ಟು ಹೊತ್ತಾದರೂ ಕಾಯಿರಿ. ಬೇಡ ಅನ್ನುವುದನ್ನು ಕಲಿಸಿ, ಮೈಮುಟ್ಟುವ ವಿಷಯದಲ್ಲಿ, ದುಡ್ಡಿನ ವಿಷಯದಲ್ಲಿ, ನಿಮಗೂ ಬೇಡ ಅನ್ನಲಿ. ಕೋಣೆಯ ಬಾಗಿಲಿಗೆ ಕೀ ಇರುವ ಲಾಕ್ ಹಾಕಿಸಿ, ಕೀ ಅವನಿಗೆ ಕೊಡಿ, ಇನ್ನೊಂದು ನಿಮ್ಮ ಹತ್ತಿರ ಇರಲಿ. ಅಮ್ಮ ಇದಕ್ಕೆ ಮಾತ್ರ ತುಂಬ ಹೊತ್ತು ಏನೂ ಹೇಳಲಿಲ್ಲ. ಒಳಗೆ ಬಿದ್ದುಬಿಟ್ಟರೆ ಅನ್ನುವ ಭಯ. ಭಯ ಸುಳ್ಳಲ್ಲ, ಅದಕ್ಕೇ ಎರಡನೇ ಕೀ.

ಕಾಲೇಜು ನೋಡಲು ಹೋದಾಗ ಬೇರೆ ವಿದ್ಯಾರ್ಥಿಗಳ ಜೊತೆ ಎಷ್ಟು ಕ್ಲಾಸು, ಹಾಸ್ಟೆಲಿನಲ್ಲಿ ಎಲ್ಲರ ಜೊತೆಗಾ ಅಥವಾ ಬೇರೆ ಕಟ್ಟಡದಲ್ಲಾ, ಮುಗಿಸಿದವರಲ್ಲಿ ಸಂಬಳದ ಕೆಲಸ ಎಷ್ಟು ಜನಕ್ಕೆ ಸಿಕ್ಕಿದೆ ಅಂತ ಕೇಳಿ. ಕಾಲೇಜಿನ ಹೆಸರು ಹಾಕಿಕೊಂಡು ಈ ಮಕ್ಕಳನ್ನು ಪ್ರತ್ಯೇಕ ಕೋಣೆಯಲ್ಲೇ ಕೂರಿಸುವ ಕಡೆ ಕಳಿಸಬೇಡಿ.

ಕೀ ಈಗ ಅವನ ಕೈಯಲ್ಲಿದೆ, ಊಟ ಸರಿಹೋಗಿದೆ. ಡಿಪ್ಲೊಮಾ ಮುಂದಕ್ಕೆ ಹಾಕಿದ್ದಾರೆ. ಅಪ್ಪ ಇನ್ನೂ ಒಪ್ಪಿಲ್ಲ, ಡಿಗ್ರಿ ಸಿಗಲ್ಲ, ಬರೀ ಸರ್ಟಿಫಿಕೇಟ್‌ಗೆ ಇಷ್ಟು ಖರ್ಚು ಯಾಕೆ ಅನ್ನುತ್ತಾರೆ. ಮುಂದಿನ ಸೆಷನ್ ಅವರೊಬ್ಬರ ಜೊತೆಗೇ ಇಟ್ಟುಕೊಂಡಿದ್ದೇನೆ.