ಹಾಸ್ಟೆಲ್ ಡೇಟಾ ಹೊಸ ಸಾಫ್ಟ್‌ವೇರಿಗೆ ಹಾಕಿದ ಮೇಲೆ ಕನ್ನಡ ಹೆಸರು ಕೆಟ್ಟಿರುವ ಬಗ್ಗೆ
ವಿವಿ ಹಾಸ್ಟೆಲಿನ ಫಾಕ್ಸ್‌ಪ್ರೊ (ಹಳೇ ಡೇಟಾಬೇಸ್ ತಂತ್ರಾಂಶ) ದಾಖಲೆಗಳನ್ನು ಕಂಪನಿಯ ಹೊಸ ಸಾಫ್ಟ್‌ವೇರಿಗೆ ಏರಿಸಿದ ಮೇಲೆ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ, ಠೇವಣಿ ಲೆಕ್ಕವೂ ತಾಳೆಯಾಗುತ್ತಿಲ್ಲ ಅಂದಿರಿ. ಹಳೆಯದು ಬಹುಶಃ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ರೂಪ ಕೊಟ್ಟ ಫಾಂಟು. ಹೊಸದು ಯುನಿಕೋಡ್ ಓದುತ್ತದೆ, ಅದರಲ್ಲಿ ಕನ್ನಡಕ್ಕೆ ಬೇರೆಯೇ ಸಂಕೇತಗಳಿವೆ. ಹಾಗಿದ್ದರೆ ಡೇಟಾ ಹಾಳಾಗಿಲ್ಲ, ಗಾಬರಿ ಬೇಡ.

ಮೊದಲು ಹಳೇ ಫೋಲ್ಡರಿನ ಪೂರ್ತಿ ನಕಲು ತೆಗೆದಿಡಿ. ದಾಖಲೆಗಳ ಪಟ್ಟಿ ಇರುವ ಡಿಬಿಎಫ್ (.dbf) ಫೈಲಿನ ಜೊತೆ ಎಫ್‌ಪಿಟಿ (.fpt) ಫೈಲೂ ಬೇಕು, ಮೆಮೊ ಅಂದರೆ ಉದ್ದ ಟಿಪ್ಪಣಿಯ ಬರಹ ಇರುವುದು ಅದರಲ್ಲೇ. ಆಮೇಲೆ ಕನ್ನಡದ ಕಾಲಂಗಳನ್ನು ಮಾತ್ರ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಡಿ. ಇಂಗ್ಲಿಷ್ ಕಾಲಂ ಕೊಟ್ಟರೆ ಅದೂ ಕೆಡುತ್ತದೆ. ಕೀರ್ತಿ, ಸೂರ್ಯ, ಧರ್ಮಪ್ಪ ಥರದ ಹೆಸರುಗಳನ್ನು ಕಣ್ಣಾರೆ ನೋಡಿ, ಅರ್ಕಾವತ್ತು (ಅಕ್ಷರದ ನಂತರ ಬರೆಯುವ ‘ರ್’ ಗುರುತು) ಜಾಗ ತಪ್ಪುವುದು ಅಲ್ಲೇ. ನಾನು ಹೀಗೆ ನೋಡುವುದನ್ನು ಬಿಟ್ಟು ಒಂದು ವಾರ ಕೈಯಲ್ಲಿ ತಿದ್ದಬೇಕಾಯಿತು.

ಪರಿವರ್ತಿಸಿದ ಫೈಲನ್ನು ಯುಟಿಎಫ್-8 (ಯುನಿಕೋಡ್ ಉಳಿಸುವ ಒಂದು ಬಗೆ) ಸಿಎಸ್‌ವಿಯಾಗಿ, ಅಂದರೆ ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲಾಗಿ ಉಳಿಸಿ. ನಡುವೆ ಎಕ್ಸೆಲ್‌ನಲ್ಲಿ ತೆರೆಯುವುದಾದರೆ ಆಮದು ಮಾಡುವಾಗಲೇ ನೋಂದಣಿ ಸಂಖ್ಯೆಯ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಸಂಖ್ಯೆಯ ಮೊದಲಲ್ಲಿರುವ ಸೊನ್ನೆ ಹಾರಿಹೋಗುತ್ತದೆ.

ಠೇವಣಿ ತಾಳೆಯಾಗದಿರುವುದಕ್ಕೂ ಈ ಸೊನ್ನೆ ಹಾರಿ ನೋಂದಣಿ ಸಂಖ್ಯೆಗಳು ಹೊಂದದಿರುವುದೇ ಕಾರಣವಿರಬಹುದು, ಫೈಲ್ ನೋಡದೆ ಖಚಿತವಾಗಿ ಹೇಳಲಾರೆ. ಒಂದು ಬ್ಲಾಕಿನ ಠೇವಣಿ ಮೊತ್ತವನ್ನು ಲೆಡ್ಜರ್ ಜೊತೆ ಹೋಲಿಸಿ. ಸರಿಬಂದರೆ ಉಳಿದ ಬ್ಲಾಕುಗಳನ್ನೂ ಏರಿಸಿ. ಒಂದು ತಿಂಗಳ ಮೆಸ್ ಬಿಲ್ ಹಳೇ ಮತ್ತು ಹೊಸ ಸಾಫ್ಟ್‌ವೇರ್ ಎರಡರಲ್ಲೂ ಹೊಂದುವವರೆಗೆ ಹಳೆಯದನ್ನು ಮುಚ್ಚಬೇಡಿ.